ಹಿಮ್ಮಡದ ಕಪ್ಪು

ಶುಕ್ರವಾರ ನಾನು ಮಾಡಿದ ಕೆಲಸಗಳು ಇವು. ನಸುಕಿನಲ್ಲಿ ನಳ ಬಂತು, ಎರಡು ಬ್ಯಾರಲ್ ನೀರು ತುಂಬಿದೆ. ಅಂಗಳ ಸಾರಿಸಿದೆ. ಐವತ್ತು ರೊಟ್ಟಿ ಬಡಿದೆ, ಅದರಲ್ಲಿ ಮೂವತ್ತನ್ನು ಕಡಕ್ ಮಾಡಿ ಅರಿವೆಯಲ್ಲಿ ಕಟ್ಟಿದೆ. ಶೇಂಗಾ ಚಟ್ನಿ ಕುಟ್ಟಿದೆ. ಹಿಂದಿನ ದಿನ ಮಾಡಿದ್ದ ಬೆಲ್ಲದ ಮಾದಲಿಯನ್ನು ಡಬ್ಬಿಗೆ ತುಂಬಿದೆ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟೆ, ಅವರ ಎಡ ಹಿಮ್ಮಡದ ಹಳೆಯ ಪಟ್ಟಿ ಬಿಚ್ಚಿ ಹೊಸದು ಕಟ್ಟಿದೆ. ಶ್ರೀಶೈಲಕ್ಕೆ ನಡೆದು ಹೋಗುವ ಹದಿನೇಳು ಮಂದಿಯ ಕಾಲು ತೊಳೆದೆ. ಅವರು ಹೋದ ಮೇಲೆ ಒದ್ದೆ ಅಂಗಳ ಗುಡಿಸಿದೆ. ಮಧ್ಯಾಹ್ನ ಮಗ್ಗಕ್ಕೆ ಎರಡು ಬುಟ್ಟಿ ನೂಲಿನ ಕಂಡಿಕೆ ಸುತ್ತಿದೆ. ಸಂಜೆ ದೀಪ ಹಚ್ಚಿದೆ.

ಆ ದಿನದ ಸಂಕಟ ಏನಿತ್ತು ಅಂದರೆ, ಸೋಮವಾರ ಬೆಳಗಾವಿಯಲ್ಲಿ ಅವರ ಹಿಮ್ಮಡ ಕೊಯ್ದು ತೆಗೆಯಬೇಕೆಂದು ಡಾಕ್ಟರು ಗೊತ್ತು ಮಾಡಿದ್ದರು. ಅದರಲ್ಲಿ ಕ್ಯಾನ್ಸರ್ ಇದೆ. ನಡೆಯುವವರು ಹೊರಡುವುದು ಶುಕ್ರವಾರ. ಹನ್ನೆರಡು ವರ್ಷ ಬರಿಗಾಲಲ್ಲಿ ನಡೆಯುತ್ತೇನೆಂದು ಅವರು ಹರಕೆ ಹೊತ್ತಿದ್ದರು, ಹನ್ನೊಂದು ಮುಗಿದಿದ್ದವು. "ಹದಿನಾರು ದಿನದ ಮಾತು. ಮುಗಿಸಿ ಬಂದು ಕೊಯ್ಸಕೋತೇನಿ," ಅನ್ನುತ್ತಿದ್ದರು. ಡಾಕ್ಟರು ಹೇಳಿದ್ದು ಬೇರೆ. "ಈಗ ಬಂದರೆ ಹಿಮ್ಮಡ ತೆಗೀತೀನಿ. ಆ ಕಾಲಿನ ಮೇಲೆ ಶ್ರೀಶೈಲಕ್ಕೆ ನಡೆದು ಬಂದರೆ ಎಲ್ಲಿವರೆಗೆ ತೆಗೀಬೇಕು ಅನ್ನೋದು ನನ್ನ ಕೈಯಲ್ಲಿ ಉಳಿಯೋದಿಲ್ಲ."

ನಮ್ಮದು ಬನಹಟ್ಟಿಯಲ್ಲಿ ನೇಕಾರರ ಮನೆ. ಮುಂದೆ ಪಡಸಾಲೆ, ಹಿಂದೆ ನಾಲ್ಕು ಪವರ್‌ಲೂಮ್. ಮಗ್ಗದ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಪದ್ಧತಿ ನಮ್ಮಲ್ಲಿಲ್ಲ, ದೇವರ ಕೋಣೆಗೂ ಅದಕ್ಕೂ ಒಂದೇ ನೇಮ. ಹಗಲೆಲ್ಲ ಸಿಮೆಂಟಿನ ನೆಲದ ಮೇಲೆ ಒಂದು ಮಗ್ಗದಿಂದ ಇನ್ನೊಂದಕ್ಕೆ ಅಡ್ಡಾಡಿ ಅಡ್ಡಾಡಿ ಅವರ ಅಂಗಾಲು ಚಪ್ಪಲಿಯ ತೊಗಲಿನಷ್ಟೇ ದಪ್ಪವಾಗಿತ್ತು. ಬೀಡಿ ಸೇದುತ್ತಿದ್ದ ಕಾಲದಲ್ಲಿ ಬೀಡಿಯನ್ನು ಬರಿ ಹಿಮ್ಮಡದಿಂದಲೇ ಹೊಸಕಿ ಆರಿಸುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದಾಗ ಅದನ್ನು ನೋಡಿ ನಾನು ಬೆರಗಾಗಿದ್ದೆ. ಬೆರಗು ಪಡುವ ವಯಸ್ಸು.

ಹರಕೆಗೆ ಕಾರಣ ನಾನು. ಗರ್ಭಚೀಲ ತೆಗೆಸಿದಾಗ ನನಗೆ ರಕ್ತ ನಿಲ್ಲಲಿಲ್ಲ, ಎರಡು ದಿನ ಕಣ್ಣು ತೆರೆಯಲಿಲ್ಲವಂತೆ. ಜಮಖಂಡಿಯಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅವರು ಶ್ರೀಶೈಲದ ಮಲ್ಲಯ್ಯನಿಗೆ ಹೇಳಿಕೊಂಡರಂತೆ, ಇವಳು ಎದ್ದು ಕುಳಿತರೆ ಹನ್ನೆರಡು ವರ್ಷ ನಿನ್ನ ಹತ್ತಿರ ಬರಿಗಾಲಲ್ಲಿ ನಡೆದು ಬರುತ್ತೇನೆ ಅಂತ. ನಾನು ಎದ್ದು ಕುಳಿತೆ. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಒಂದು ವರ್ಷ ಸಾಕು, ಉಳಿದದ್ದಕ್ಕೆ ಕಾಯಿ ಒಡೆಯಿರಿ ಅನ್ನುತ್ತಿದ್ದೆ. ಓಣಿಯ ಹೆಣ್ಣುಮಕ್ಕಳು ಮಾತ್ರ ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದರು: "ಗಂಡ ಅಂದ್ರ ಹಿಂಗಿರಬೇಕು ನೋಡ್ರಿ. ಹೆಂಡ್ತಿ ಜೀವಾ ಕಾಲಾಗ ಹೊತ್ತಾನ." ಹನ್ನೊಂದು ವರ್ಷ ಈ ಮಾತು ಕೇಳಿ ನಾನು ತಲೆ ತಗ್ಗಿಸಿ ನಕ್ಕಿದ್ದೇನೆ. ಬೇರೆ ಏನು ಮಾಡಲಿಕ್ಕೆ ಬರುತ್ತದೆ?

ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಹೀಗೆ ಗುಂಪು ಗುಂಪಾಗಿ ನಡೆಯುತ್ತಾರೆ. ಮುಂದೆ ಒಬ್ಬ ಹಿರಿಯರು ಕಂಬಿ, ಅಂದರೆ ಸಿಂಗರಿಸಿದ ಉದ್ದನೆಯ ಕೋಲು, ಹೆಗಲ ಮೇಲೆ ಹೊತ್ತಿರುತ್ತಾರೆ. ಹಿಂದೆ ಬಿಳಿ ಬಟ್ಟೆ ತೊಟ್ಟವರು. ಬೀಳಗಿ ದಾಟುವ ಹೊತ್ತಿಗೆ ಹೊಸಬರ ಕಾಲಲ್ಲಿ ಗುಳ್ಳೆ ಎದ್ದಿರುತ್ತವೆ. ಅವುಗಳಲ್ಲಿ ಸೂಜಿದಾರ ಹಾಯಿಸಿ, ನೀರು ಇಳಿಸಿ, ಮತ್ತೆ ಡಾಂಬರಿನ ಮೇಲೆ ಇಳಿಯುತ್ತಾರೆ. ನಮ್ಮವರ ಕಾಲಿಗೆ ಗುಳ್ಳೆ ಎದ್ದದ್ದು ಮೊದಲ ವರ್ಷ ಮಾತ್ರ.

ಹರಕೆ ಅರ್ಧ ಮುಗಿದಾಗ ಸಕ್ಕರೆ ಕಾಯಿಲೆ ಬಂತು. ಜಮಖಂಡಿಯ ಡಾಕ್ಟರು, "ದಿನಾ ನಡೀರಿ. ಬೂಟು ಹಾಕ್ಕೊಂಡು ನಡೀರಿ," ಅಂದರು. ಮೊದಲನೆಯ ಮಾತು ಇವರಿಗೆ ಕೇಳಿಸಿತು, ಎರಡನೆಯದು ಕೇಳಿಸಲಿಲ್ಲ. ಮುಧೋಳಕ್ಕೆ ಕೊಟ್ಟ ಮಗಳು, ಅಲ್ಲಿ ಸಾಲೆಯಲ್ಲಿ ಕಲಿಸುತ್ತಾಳೆ, ಬಿಳಿ ಬೂಟು ತಂದುಕೊಟ್ಟಳು. ಅವು ಪ್ಲಾಸ್ಟಿಕ್ ಚೀಲದ ಸಮೇತ ಅಟ್ಟಣಿಗೆ ಸೇರಿದವು.

"ಅಪ್ಪಾ, ಬೂಟ ಯಾಕ ಹಾಕ್ಕೊಳ್ಳಂಗಿಲ್ಲ ನೀ?"

"ಬೂಟಿನ ಸುಖಾ ತೋರಿಸಿದ್ರ ಶ್ರೀಶೈಲದ ಹಾದ್ಯಾಗ ಕಾಲು ಅಳತಾವವ್ವ. ಮದಿವಿಗೆ ಹಾಕ್ಕೋತೇನಿ ತಗೋ."

"ಯಾರ ಮದಿವಿಗೆ?"

"ನಿಮ್ಮವ್ವ ಒಪ್ಪಿದ್ರ ನಂದ ಇನ್ನೊಂದು."

ಮಗಳು ನಕ್ಕಳು, ನಾನೂ ನಕ್ಕೆ. ಅಲ್ಲಿಗೆ ಬೂಟಿನ ಮಾತು ಮುಗಿಯಿತು.

ಬೆಳಿಗ್ಗೆ ಪಕ್ಕದ ಊರು ಚಿಮ್ಮಡದವರೆಗೆ ನಡೆದು ಹೋಗಿ ಬರುವುದು ಶುರುವಾಯಿತು. ಬರಬರುತ್ತ ಸಂಜೆಯೂ. ಸಕ್ಕರೆ ಇಳಿಯಿತು, ಹೊಟ್ಟೆ ಇಳಿಯಿತು, ಹಳೆಯ ಅಂಗಿಗಳು ಸಡಿಲಾದವು. ಚಹದ ಅಂಗಡಿಯಲ್ಲಿ ಕುಳಿತವರಿಗೆ ಇವರು ಪಾಠ ಹೇಳುತ್ತಿದ್ದರು: "ಗುಳಿಗಿ ನುಂಗಿ ಕುಂತ್ರ ರೋಗ ಹೊಟ್ಟ್ಯಾಗ ಮನಿ ಮಾಡತಾವ. ಏಳ್ರಿ ಲೇ, ನಡೀರಿ. ನಡಿಯೋರಿಗೆ ಕ್ಯಾನ್ಸರ್ ಸೈತ ಬರಂಗಿಲ್ಲ." ಆ ಮಾತು ನಾನೇ ಕಿವಿಯಾರೆ ಕೇಳಿದ್ದೇನೆ. ಮನೆಗೆ ಬಂದಾಗ ಬೆವರಿನ ಅಂಗಿ ನನ್ನ ಕೈಗೆ ಕೊಟ್ಟು, "ನೋಡು, ಇಪ್ಪತ್ತೈದರ ಹುಡುಗ ಆಗೇನಿ," ಅನ್ನುತ್ತಿದ್ದರು. ಸುಳ್ಳಲ್ಲ. ಹಾಗೇ ಕಾಣುತ್ತಿದ್ದರು.

ಹಿಮ್ಮಡದಲ್ಲಿ ಕಪ್ಪು ಕಂಡದ್ದು ಒಂದೂವರೆ ವರ್ಷದ ಹಿಂದಿನ ಮಳೆಗಾಲದಲ್ಲಿ. ಹೆಸರುಕಾಳಿನಷ್ಟಿತ್ತು. ರಾತ್ರಿ ಕಾಲಿಗೆ ಎಣ್ಣೆ ತಿಕ್ಕುವಾಗ ನನ್ನ ಹೆಬ್ಬೆರಳಿಗೆ ಹತ್ತಿತು. ಮುಳ್ಳು ಮುರಿದು ಒಳಗೆ ಉಳಿದಿರಬೇಕು, ಇಲ್ಲವೇ ಆಣಿ ಆಗುತ್ತಿರಬೇಕು ಅಂದುಕೊಂಡೆ. ಇಂಥದ್ದಕ್ಕೆ ನಮ್ಮಲ್ಲಿ ಕೇರುಬೀಜದ ಔಷಧಿ. ಬೀಜಕ್ಕೆ ದಬ್ಬಣ ಚುಚ್ಚಿ ದೀಪದ ಮೇಲೆ ಹಿಡಿದರೆ ಎಣ್ಣೆ ಚಟಚಟ ಅನ್ನುತ್ತ ಹೊರಗೆ ಬರುತ್ತದೆ. ಬಿಸಿ ಇರುವಾಗಲೇ ಅದನ್ನು ಅಂಗಾಲಿನ ಮುಳ್ಳಿಗೆ, ಒಡಕಿಗೆ, ಆಣಿಗೆ ಮುಟ್ಟಿಸಬೇಕು. ಚರ್ಮ ಸುಟ್ಟು ಸುಲಿದು ಹೋಗುತ್ತದೆ, ಜೊತೆಗೆ ನೋವೂ ಹೋಗುತ್ತದೆ ಅಂತ. ಒಂದು ಹನಿ ಹೆಚ್ಚಾದರೆ ಹುಣ್ಣಾಗುತ್ತದೆ, ಹಾಗಾಗಿ ಎಲ್ಲರ ಕೈಯಿಂದ ಆಗುವ ಕೆಲಸವಲ್ಲ. ನನ್ನ ಕೈ ಓಣಿಯಲ್ಲಿ ಹೆಸರುವಾಸಿ. ಮಹಾಲಿಂಗಪುರದ ಸಂತೆಯಿಂದ ಬೀಜ ತಂದು ಡಬ್ಬಿಯಲ್ಲಿ ಇಟ್ಟಿರುತ್ತಿದ್ದೆ. "ಅಕ್ಕಾ, ಒಂದೀಟು ಚುಚ್ಚಿ ಕೊಡ್ರಿ," ಅಂತ ಬಂದವರಿಗೆ ಇಲ್ಲ ಅಂದವಳಲ್ಲ. ಬರಲಾಗದವರಿಗೆ ಹೇಗೆ ಹಚ್ಚಬೇಕೆಂದು ಹೇಳಿ ಕಳಿಸುತ್ತಿದ್ದೆ. ಸ್ವಲ್ಪ ಸೊಕ್ಕೂ ಇತ್ತು ನನಗೆ ಅದರ ಬಗ್ಗೆ.

ಕೇರುಬೀಜದ ಗುಣ ಏನೆಂದರೆ, ಹಚ್ಚಿದ ಜಾಗ ಕಪ್ಪಾಗುತ್ತದೆ. ತಿಂಗಳುಗಟ್ಟಲೆ ಹೋಗುವುದಿಲ್ಲ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಇದರಿಂದಲೇ.

ಒಮ್ಮೆ ಹಚ್ಚಿದೆ. ಕಪ್ಪು ಹೋಗಲಿಲ್ಲ. ಹೋಗುವುದಿಲ್ಲ ಅಂತ ಗೊತ್ತೇ ಇತ್ತಲ್ಲ. ಮತ್ತೆ ಹಚ್ಚಿದೆ. ಕಪ್ಪು ದೊಡ್ಡದಾಯಿತು, ಎಣ್ಣೆ ಹೆಚ್ಚು ಬಿತ್ತು ಅಂದುಕೊಂಡೆ. ಅದರ ಅಂಚು ಒಂದು ಕಡೆ ವಾರೆಯಾಗಿ ಹರಿಯಿತು. ನನ್ನ ಕೈ ನಡುಗಿತು ಅಂದುಕೊಂಡೆ. ಸಕ್ಕರೆಯಿಂದ ಅವರ ಅಂಗಾಲಿನಲ್ಲಿ ಅರಿವೇ ಕಡಿಮೆಯಾಗಿತ್ತು. "ನೋಯತೈತೇನ್ರಿ?" ಅಂದರೆ, "ನೋವ ಇಲ್ಲ ಏನಿಲ್ಲ, ನಿನ್ನ ಕೈಗುಣ," ಅನ್ನುತ್ತಿದ್ದರು. ಒಟ್ಟು ನಾಲ್ಕು ಸಲ ಹಚ್ಚಿದ್ದೇನೆ. ನಾಲ್ಕನೆಯದನ್ನು ಹೋದ ವರ್ಷ ಶ್ರೀಶೈಲಕ್ಕೆ ಹೊರಡುವ ಮುನ್ನಾದಿನ ಹಚ್ಚಿದೆ. ದಾರಿಯಲ್ಲಿ ತೊಂದರೆ ಕೊಡಬಾರದು ಅಂತ.

ಈ ಚಳಿಗಾಲದಲ್ಲಿ ಪಡಸಾಲೆಯ ನೆಲದ ಮೇಲೆ ರಕ್ತದ ಗುರುತು ಮೂಡತೊಡಗಿತು. ಒಂದೊಂದು ಹೆಜ್ಜೆಗೆ ಒಂದೊಂದು. ಮಗಳು ಬಂದಿದ್ದಳು. ಅಪ್ಪನನ್ನು ಕೂರಿಸಿ, ಕಾಲು ಎತ್ತಿ ಮೊಬೈಲಿನ ಬೆಳಕಿನಲ್ಲಿ ನೋಡಿದಳು. ಅವತ್ತೇ ಜಮಖಂಡಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಬೆಳಗಾವಿಗೆ ಕಳಿಸಿದರು. ತುಣುಕು ತೆಗೆದು ಪರೀಕ್ಷೆ ಮಾಡಿದರು. ಮೆಲನೋಮ ಅನ್ನುವ ಹೆಸರು ನಮ್ಮ ಬಾಯಿಗೆ ಬಂದದ್ದು ಹೀಗೆ.

ಬೆಳಗಾವಿಯ ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು. "ಎಷ್ಟು ದಿನದಿಂದ ಕಪ್ಪಿದೆ ಇದು?" ಅಂತ ಕೇಳಿದರು.

"ಅದು ಕ್ಯಾರಬೀಜದ ಕಪ್ಪರಿ," ಅಂದರು ಇವರು.

"ಯಾರು ಹಚ್ಚಿದ್ದು?"

"ನಾನ್ರಿ," ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೇರುಬೀಜ ಇದನ್ನ ತಂದಿಲ್ಲ ಅಮ್ಮ. ಮುಚ್ಚಿಟ್ಟಿದೆ," ಅಂದರು. ಒಂದೂವರೆ ವರ್ಷದ ಹಿಂದೆ ಬಂದಿದ್ದರೆ ಒಂದು ರೂಪಾಯಿ ನಾಣ್ಯದಷ್ಟು ಚರ್ಮ ತೆಗೆದು ಮನೆಗೆ ಕಳಿಸುತ್ತಿದ್ದರಂತೆ. ಈಗ ಹಿಮ್ಮಡ ತೆಗೆದು ತೊಡೆಯ ಚರ್ಮ ತಂದು ಹೊದಿಸಬೇಕು, ತೊಡೆಸಂದಿನ ಗಂಟನ್ನೂ ತೆಗೆದು ನೋಡಬೇಕು. ಅದರಲ್ಲೂ ಇದ್ದರೆ ಮುಂದಿನ ಮಾತು ಮುಂದೆ.

"ನಡದ ನಡದ ಬಂತೇನ್ರಿ ಇದು?" ನಾನು ಕೇಳಿದೆ. ಹರಕೆಯ ಮಾತು ಬಾಯಲ್ಲಿ ಬರಲಿಲ್ಲ.

"ಹಾಗೆ ಖಚಿತವಾಗಿ ಹೇಳಲಿಕ್ಕೆ ಬರೋದಿಲ್ಲ. ಅಂಗಾಲಿಗೆ ಬಿಸಿಲು ಬೀಳೋದಿಲ್ಲ, ಇದು ಬಿಸಿಲಿನದಲ್ಲ. ನಮ್ಮಂಥ ಬಣ್ಣದವರಿಗೆ ಬಂದರೆ ಹೆಚ್ಚಾಗಿ ಅಂಗಾಲು, ಉಗುರು ಇಂಥ ಕಡೆಯೇ ಬರೋದು. ಭಾರ ಬೀಳೋ ಜಾಗ, ದಿನಾ ತಿಕ್ಕೋ ಜಾಗ ಅಂತ ಕೆಲವರು ಹೇಳ್ತಾರೆ. ನಡೆಯೋದು ತಪ್ಪಲ್ಲ ಅಮ್ಮ. ನಡೆದ ಕಾಲನ್ನ ತಿರುಗಿಸಿ ನೋಡಬೇಕಿತ್ತು."

ನಾನು ದಿನಾ ತಿರುಗಿಸಿ ನೋಡಿದವಳು.

ಹೊರಗೆ ಬಾಕಿನ ಮೇಲೆ ಕುಳಿತಾಗ ಮಗಳು ಅಲ್ಲಿ ಇಟ್ಟಿದ್ದ ಒಂದು ಹಾಳೆ ಓದಿದಳು. ವ್ಯಾಯಾಮ ಮಾಡುವವರಿಗೆ ಕ್ಯಾನ್ಸರಿನ ಭಯ ಕಡಿಮೆ ಅಂತ ಬರೆದಿತ್ತು, ಕರುಳಿನದು, ಎದೆಯದು, ಇನ್ನೂ ಏನೇನೋ. ಕೆಳಗೆ ಸಣ್ಣ ಅಕ್ಷರದಲ್ಲಿ ಚರ್ಮದ ಮಾತಿತ್ತು. ಅದೊಂದು ಮಾತ್ರ ಹೆಚ್ಚು ಓಡಾಡುವವರಲ್ಲಿ ಹೆಚ್ಚು ಕಾಣುತ್ತದೆ, ಅವರು ಬಿಸಿಲಲ್ಲಿ ಹೊರಗೆ ಇರುತ್ತಾರಲ್ಲ, ಅದಕ್ಕೆ. ಟೊಪ್ಪಿಗೆ ಹಾಕಿಕೊಳ್ಳಿ, ನೆರಳಲ್ಲಿ ನಡೆಯಿರಿ ಅಂತ. ಇವರು ಮಗಳ ಕೈಯಿಂದ ಹಾಳೆ ತಗೊಂಡು ತಿರುಗಿಸಿ ನೋಡಿದರು.

"ಇಷ್ಟ ರೋಗ ಬಿಟ್ಟು ನನಗ ಆ ಸಣ್ಣ ಅಕ್ಷರದ್ದು ಸಿಕ್ತು ನೋಡ," ಅಂದರು. ನಗಲು ಹೋದರು, ಆಗಲಿಲ್ಲ. ಆಮೇಲೆ ದನಿ ಇಳಿಸಿ ಮಗಳಿಗೆ ಹೇಳಿದರು: "ಕ್ಯಾರಬೀಜದ ಮಾತು ಓಣ್ಯಾಗ ಎತ್ತೂದ ಬ್ಯಾಡ. ಮಂದಿ ಇಕಿನ್ನ ಹುರದ ತಿಂತಾರ."

ಅವರು ಎತ್ತಲಿಲ್ಲ. ಯಾರಾದರೂ ಕೇಳಿದರೆ ಮಲ್ಲಯ್ಯನ ಆಟ ಅನ್ನುತ್ತಿದ್ದರು. ನನ್ನ ಮುಂದೆಯೂ ಒಂದು ದಿನ ಆಡಿ ತೋರಿಸಲಿಲ್ಲ. ನಾನು ಮಾಡಿದ್ದನ್ನು ಅವರು ಮುಚ್ಚಿಟ್ಟುಕೊಂಡು ಕುಳಿತ ಆ ಎರಡು ವಾರ ನಾನು ತಿಂದ ಅನ್ನ ಮೈಗೆ ಹತ್ತಲಿಲ್ಲ.

ಆದರೆ ನಡೆಯುವ ಮಾತಿಗೆ ಬಂದರೆ ಅವರನ್ನು ಜಗ್ಗಿಸಲು ಆಗಲಿಲ್ಲ. ಮಗಳು ಫೋನಿನಲ್ಲಿ ಅತ್ತಳು, ಬೈದಳು. ಕಂಬಿ ಹೊರುವ ಹಿರಿಯರು ಬಂದರು. ಎಪ್ಪತ್ತು ದಾಟಿದವರು, ಕೆಟ್ಟವರಲ್ಲ. ಕಾಲು ನೋಡಲಿಲ್ಲ, ಮುಖ ನೋಡಿದರು. "ಮಲ್ಲಯ್ಯ ಹನ್ನೊಂದು ವರ್ಷ ನಡಸ್ಯಾನ, ಹನ್ನೆರಡನೇದ್ದಕ್ಕ ಕೈ ಬಿಡ್ತಾನೇನು? ಆದ್ರ ನೋಡಪಾ, ಬಾ ಅಂತನೂ ನಾ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ," ಅಂದರು. ಇವರಿಗೆ ಮೊದಲಿನ ಅರ್ಧ ಸಾಕಾಯಿತು. ಪಕ್ಕದ ಮನೆಯಲ್ಲಿ ನನ್ನ ನೆಗೆಣ್ಣಿ, ಅವರ ತಮ್ಮನ ಹೆಂಡತಿ. ಅವಳು ಗೋಡೆಯ ಆಚೆಯಿಂದ ಕೇಳಿದಳು:

"ಅಕ್ಕಾ, ಹರಕಿ ನಿಮ್ಮ ಜೀವದ್ದಲ್ರಿ? ಅರ್ಧಕ್ಕ ಬಿಟ್ರ ಯಾರಿಗೆ ತಾಕತೈತಿ?"

"ನನಗ ತಾಕ್ಲಿ ಬಿಡ. ನನ್ನ ಹಿಮ್ಮಡ ಗಟ್ಟಿ ಅದಾವು."

"ನೀವು ಹಂಗ ಅಂತೀರಿ. ದೇವ್ರ ಸಂಗಾಟ ಆಟಲ್ರಿ."

ಶುಕ್ರವಾರ ಬಂತು. ನಮ್ಮ ಗುಂಪಿನ ನೇಮ ಹೀಗಿದೆ: ಯಾರ ಹರಕೆ ಆ ವರ್ಷ ಮುಗಿಯುತ್ತದೋ ಅವರ ಮನೆಯಿಂದ ಕಂಬಿ ಹೊರಡುತ್ತದೆ. ಆ ಮನೆಯ ಹೆಣ್ಣುಮಗಳು ನಡೆಯುವವರೆಲ್ಲರ ಕಾಲನ್ನು ಅಗಲ ತಟ್ಟೆಯಂಥ ಪರಾತದಲ್ಲಿ ತೊಳೆದು, ವಿಭೂತಿ ಹಚ್ಚಿ, ಹೋಗಿ ಬನ್ನಿ ಅನ್ನಬೇಕು. ಅವಳು ತೊಳೆಯದ ಕಾಲು ಕಂಬಿಯ ಹಿಂದೆ ನಡೆಯುವಂತಿಲ್ಲ. ಈ ವರ್ಷ ಆ ಮನೆ ನಮ್ಮದು, ಹೆಣ್ಣುಮಗಳು ನಾನು.

ನಾನು ಮೊದಲೇ ಏನೋ ಹೂಡಿಕೊಂಡಿದ್ದೆ ಅಂತ ಆಮೇಲೆ ಜನ ಅಂದರು. ಇಲ್ಲ. ದಾರಿಗೆ ಅಂತ ಮೂವತ್ತು ಕಡಕ್ ರೊಟ್ಟಿ ಕಟ್ಟಿದವಳು ಏನು ಹೂಡಿಕೊಂಡಿರುತ್ತಾಳೆ?

ಹದಿನೇಳು ಮಂದಿ ಕಟ್ಟೆಯ ಮೇಲೆ ಸಾಲಾಗಿ ಕುಳಿತರು. ಮನೆಯವರು ಬಿಳಿ ಧೋತರ ಉಟ್ಟು ಎಲ್ಲರ ಕೊನೆಗೆ ಕುಳಿತರು, ಹೆಗಲಿಗೆ ಚೀಲ. ಹಿರಿಯರ ಕಾಲು ಮೊದಲು ತೊಳೆದೆ. ತೊಳೆಯುವಾಗ ಕೈ ತನ್ನಷ್ಟಕ್ಕೆ ಕಾಲನ್ನು ತಿರುಗಿಸಿತು, ಕಣ್ಣು ಅಂಗಾಲಿಗೆ ಹೋಯಿತು. ಎರಡನೆಯವರದನ್ನೂ ತಿರುಗಿಸಿದೆ. ಮೂರನೆಯವರದನ್ನೂ.

"ಅಕ್ಕಾ, ಪಾದ ಓದಿ ಭವಿಷ್ಯ ಹೇಳಾಕತ್ತೀರೇನು?" ಒಬ್ಬ ನಕ್ಕ.

"ಅವಂದು ಛಲೋತ್ನ್ಯಾಗ ನೋಡ್ರಿ, ಎರಡನೇ ಮದಿವಿ ಐತೇನು!" ಅಂದ ಇನ್ನೊಬ್ಬ.

"ಮದಲನೇದ ಹಿಂದಿನ ಸಾಲಾಗ ನಿಂತೈತಿ ಲೇ, ಸುಮ್ಮ ಕುಂದ್ರ."

ಎಲ್ಲರೂ ನಕ್ಕರು, ಮನೆಯವರೂ. ನಾನು ತೊಳೆಯುತ್ತ ಹೋದೆ. ಒಡೆದ ಹಿಮ್ಮಡ, ಡಾಂಬರಿನಷ್ಟು ಗಟ್ಟಿಯಾದ ಹೆಬ್ಬೆರಳು, ಹಳೆಯ ಗಾಜಿನ ಗಾಯ. ಹನ್ನೊಂದನೆಯವನು ನಮ್ಮ ಹಿಂದಿನ ಓಣಿಯ ನೇಕಾರ, ಮೂವತ್ತೈದರ ಸುಮಾರು. ಅವನ ಬಲ ಅಂಗಾಲಿನ ನಡುವೆ ಹುಣಸೆಬೀಜದಷ್ಟು ಕಪ್ಪಿತ್ತು.

"ಇದೇನಪಾ?"

"ಮುಳ್ಳು ನಟ್ಟಿತ್ರಿ. ನಮ್ಮನಿಯಾಕಿ ಕ್ಯಾರಬೀಜ ಹಚ್ಚ್ಯಾಳ."

"ಯಾವಾಗ?"

"ದೀಪಾವಳಿಗೆ ಒಮ್ಮಿ. ಮೊನ್ನೆ ಒಮ್ಮಿ. ಹೋಗವಲ್ದು." ಅವನು ಕಾಲು ಎಳೆದುಕೊಳ್ಳಲಿಲ್ಲ, ನಗುತ್ತಲೇ ಇದ್ದ. "ನೀವ ಹೇಳಿ ಕೊಟ್ಟೀರಂತಲ್ರಿ ಆಕಿಗೆ, ಹೆಂಗ ಹಚ್ಚೂದು ಅಂತ."

ನಾನು ಅವನ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಆಗ ನನ್ನ ಬಾಯಿಂದ ಬಂತು, ಸಣ್ಣ ದನಿಯಲ್ಲಿ ಅಲ್ಲ:

"ಇದನ್ನ ಡಾಕ್ಟರಿಗೆ ತೋರಿಸು. ನಾ ಹೇಳೂದು ಕೇಳ. ಇವ್ರ ಹಿಮ್ಮಡದಾಗ ಕ್ಯಾನ್ಸರ್ ಐತಿ. ನಾ ಅದರ ಮ್ಯಾಲ ನಾಕ ಸಲ ಕ್ಯಾರಬೀಜ ಹಚ್ಚೇನಿ. ಒಂದೂವರಿ ವರ್ಷ ಅದನ್ನ ಮುಚ್ಚಿಟ್ಟಾಕಿ ನಾನು."

ಕಟ್ಟೆಯ ಕೊನೆಯಲ್ಲಿ ಮನೆಯವರು, "ಏ," ಅಂದರು. ಅಷ್ಟೇ.

ಹಿಂದಿನ ಓ‍ಣಿಯವನು ಒಮ್ಮೆ ಕಾಲು ನೋಡಿಕೊಂಡ, ಒಮ್ಮೆ ಹಿರಿಯರನ್ನು ನೋಡಿದ. "ಬಂದಮ್ಯಾಲ ತೋರಸ್ತೇನ್ರಿ ಅಕ್ಕಾ. ಇದು ಖರೇನ ಮುಳ್ಳರಿ," ಅಂದ. ಮುಳ್ಳೇ ಇರಬಹುದು. ನಾನು ಅವನ ಕಾಲು ತೊಳೆದೆ, ವಿಭೂತಿ ಹಚ್ಚಿದೆ. ಮುಂದಿನ ಆರು ಮಂದಿಯದನ್ನೂ ತೊಳೆದೆ.

ಮನೆಯವರು ಪಟ್ಟಿ ಕಟ್ಟಿದ ಕಾಲನ್ನೇ ಪರಾತದಲ್ಲಿ ಇಟ್ಟರು. ನಾನು ಕೈಗಳನ್ನು ನೀರಿನಿಂದ ತೆಗೆದು ಸೆರಗಿಗೆ ಒರೆಸಿಕೊಂಡೆ.

"ತೊಳಿ," ಅಂದರು.

"ತೊಳಿಯಂಗಿಲ್ರಿ."

"ಮಂದಿ ನಿಂತಾರ. ತೊಳಿ."

"ನಿಂತ್ರ ನಿಂದರ್ಲಿ."

ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರ ಮಾತಿಗೆ ಮಂದಿಯ ಮುಂದೆ ಇಲ್ಲ ಅಂದದ್ದು ಅದೇ ಮೊದಲು. ಹಿರಿಯರು ಕಂಬಿಯನ್ನು ಗೋಡೆಗೆ ಆನಿಸಿ ಹತ್ತಿರ ಬಂದರು.

"ತಂಗಿ, ವಿಚಾರ ಮಾಡಿ ಮಾತಾಡು. ಹನ್ನೊಂದು ವರ್ಷದ ನಡಿಗಿ ನೀರಾಗ ಹೊಕ್ಕತಿ. ಆ ಪಾಪ ನಿನ್ನ ಮ್ಯಾಲ ಬರತೈತಿ."

"ಬರ್ಲಿರಿ. ಅದರ ಜೋಡಿದು, ಕ್ಯಾರಬೀಜದ್ದು, ಆಗ್ಲೇ ಬಂದೈತಿ. ಎರಡೂ ಕೂಡೇ ಇರ್ಲಿ."

ಮನೆಯವರು ತಂಬಿಗೆ ಕಸಿದುಕೊಂಡು ತಮ್ಮ ಕಾಲ ಮೇಲೆ ತಾವೇ ನೀರು ಸುರಿದುಕೊಂಡರು. ಪಟ್ಟಿ ತೊಯ್ದು ಕೆಂಪು ನೀರು ಪರಾತಕ್ಕೆ ಇಳಿಯಿತು. "ಆತಿಲ್ಲೋ? ತೊಳದಾತು. ನಡೀರಿ," ಅಂದು ಎದ್ದು ನಿಂತರು.

ಹಿರಿಯರು ಆ ನೀರನ್ನು ನೋಡಿದರು. ಕಾಲನ್ನು ಅವರು ಮೊದಲ ಸಲ ನೋಡಿದ್ದು ಆಗ. "ಹಂಗ ನಡಿಯಂಗಿಲ್ಲಪಾ," ಅಂದರು, ಮೆತ್ತಗೆ. "ಆಕಿ ತೊಳೀಬೇಕು. ನೇಮ ನಿನಗ ಗೊತ್ತೈತಿ." ಕಂಬಿ ಎತ್ತಿಕೊಂಡರು. ಜಯಕಾರ ಹಾಕುತ್ತ ಹದಿನೇಳು ಮಂದಿ ಓಣಿಯ ತಿರುವಿನವರೆಗೆ ಹೋದರು, ಆಮೇಲೆ ಕಾಣಲಿಲ್ಲ. ರೊಟ್ಟಿಯ ಗಂಟು, ಮಾದಲಿಯ ಡಬ್ಬಿ ಅವರ ಜೊತೆಗೇ ಹೋದವು.

ಮನೆಯವರು ಹೆಗಲಿನ ಚೀಲವನ್ನು ಕಟ್ಟೆಯ ಮೇಲೆ ಇಳಿಸಿದರು. ನಾನು ಗುಡಿಸುತ್ತಿದ್ದೆ.

"ಹನ್ನೊಂದು ವರ್ಷ ನಿನ್ನ ಸಲುವಾಗಿ ನಡದೆ," ಅಂದರು. "ಒಂದ ಮಾತು ಮುಚ್ಚಿ ಇಟ್ಟಿದ್ದೆ, ಅದನ್ನೂ ನೀನ ಬಿಚ್ಚಿದಿ. ನನ್ನ ಸಲುವಾಗಿ ಒಂದು ತಂಬಗಿ ನೀರು ಹಾಕಲಿಲ್ಲ."

ನಿಮ್ಮ ಸಲುವಾಗಿಯೇ ಹಾಕಲಿಲ್ಲ ಅನ್ನಬಹುದಿತ್ತು. ಆದರೆ ನಿನ್ನ ಸಲುವಾಗಿ ಅನ್ನುವ ಮಾತನ್ನು ಹನ್ನೊಂದು ವರ್ಷ ಕೇಳಿದವಳು ನಾನು. ಅದರ ರುಚಿ ನನಗೆ ಗೊತ್ತು. "ಪಟ್ಟಿ ತೊಯ್ದಾವ. ಬದಲಿಸಬೇಕು," ಅಂದೆ. ಅವರು ಕುಳಿತು ಕಾಲು ಚಾಚಿದರು, ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮಾತು ಓಣಿ ತುಂಬ ಆಗಿತ್ತು. ಗಂಡನ ಕಾಲು ಸುಟ್ಟಳು, ಹರಕೆಯನ್ನೂ ಸುಟ್ಟಳು ಅಂತ. ನಾನು ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತ ಕುಳಿತಿದ್ದಾಗ ನೆಗೆಣ್ಣಿ ಹಿತ್ತಲ ಬಾಗಿಲಿಂದ ಬಂದಳು. ಬೆಳಿಗ್ಗೆಯಿಂದ ಹೆಚ್ಚು ಬೈದವಳು ಅವಳೇ ಇರಬೇಕು, ಮುಖ ಹಾಗಿತ್ತು. ಗೋಡೆಗೆ ಕೈ ಕೊಟ್ಟು ಕಾಲು ಎತ್ತಿ ಅಂಗಾಲು ತೋರಿಸಿದಳು. ಅಲ್ಲಿ ನಾನು ಹೋದ ಶ್ರಾವಣದಲ್ಲಿ ಹಚ್ಚಿದ್ದ ಕಪ್ಪು ಮಾಸಿ ಬೂದುಬಣ್ಣಕ್ಕೆ ಬಂದಿತ್ತು. ಮಾಸುತ್ತಿದ್ದರೆ ಒಳ್ಳೆಯದೇ ಇರಬೇಕು. ಆದರೆ ಇರಬೇಕು ಅನ್ನುವ ಮಾತನ್ನು ನಾನು ಇನ್ನು ಯಾರ ಕಾಲಿಗೂ ಹೇಳುವಂತಿರಲಿಲ್ಲ. "ಜಮಖಂಡಿಗೆ ಹೋಗಿ ತೋರಸ್ಕೋ," ಅಂದೆ. "ಹೂಂ," ಅಂದು ಬಂದ ದಾರಿಯಿಂದಲೇ ಹೋದಳು. ಹೋಗುವಾಗ ಬಾಗಿಲನ್ನು ಜೋರಾಗಿ ಎಳೆದುಕೊಂಡಳು.

ಸಂಜೆ ಮಗಳು ಫೋನು ಮಾಡಿದಳು. ನಾನು ಎತ್ತಿ, "ನಿಮ್ಮಪ್ಪ ಮನ್ಯಾಗ ಅದಾರ," ಅಂದೆ. ಆ ಕಡೆ ಅವಳು ಜೋರಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಅವರು ಕೈ ಚಾಚಿ ಫೋನು ತಗೊಂಡರು.

"ಸೋಮವಾರ ಗಾಡಿ ಎಷ್ಟಕ್ಕ ತರ್ತಿ?" ಅಂತ ಕೇಳಿದರು. ಅವಳು ಏನೋ ಅಂದಳು. "ಬರ್ತೇನಿ. ಕೊಯ್ಸಕೋತೇನಿ. ಹಿಂದ ಸೀಟು ಖುಲ್ಲಾ ಇರ್ಲಿ, ಕಾಲು ಚಾಚಬೇಕು." ಆಮೇಲೆ ನನ್ನ ಕಡೆ ನೋಡದೆ, ನನಗೆ ಕೇಳಲಿ ಅಂತಲೇ ಇರಬೇಕು, ಹೇಳಿದರು: "ನಿಮ್ಮವ್ವ ಬರೂದ ಬ್ಯಾಡ. ನೀ ಒಬ್ಬಾಕಿ ಸಾಕು."

ಮಗಳು ನನ್ನ ಜೊತೆ ಮಾತಾಡಬೇಕು ಅಂದಳಂತೆ. ಅವರು ಅಷ್ಟರಲ್ಲಿ ಫೋನು ಇಟ್ಟಿದ್ದರು.

ರಾತ್ರಿ ಊಟಕ್ಕೆ ಬೆಳಿಗ್ಗೆ ಬಡಿದ ರೊಟ್ಟಿಯಲ್ಲಿ ಉಳಿದದ್ದು, ಹೆಸರುಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಅವರು ಎರಡು ರೊಟ್ಟಿ ತಿಂದರು, ಮಜ್ಜಿಗೆಯನ್ನು ತಾವೇ ಹಾಕಿಕೊಂಡರು. ನಾನು ಒಂದು ರೊಟ್ಟಿ ತಿಂದೆ, ಪಲ್ಯ ಬಳಿದು ಮುಗಿಸಿದೆ. ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ದೀಪ ಆರಿಸದೆ ಕುಳಿತಿದ್ದರು. ಕುಳಿತೇ ಇರಬೇಕು ನಾನೂ ಅಂದುಕೊಂಡೆ. ನಸುಕಿನಲ್ಲಿ ಎದ್ದ ಮೈ, ಆಗಲಿಲ್ಲ. ಮೊದಲು ನಿದ್ದೆ ಹೋದವಳು ನಾನು.